ಅಣ್ಣನ ಹಳೇ ಕೊಕ್ಕೆಗಳು

ನಮ್ಮಣ್ಣನಿಗೆ ಮೂಗಿನ ತುದಿಯಲ್ಲೇ ಕೋಪ. ಮೂಗಿನೊಳಗಿನ ಗೋಡೆಗೆ ತೂತು ಬಿದ್ದ ಮೇಲೂ ಕೋಪ ಮಾತ್ರ ಅಲ್ಲಿಂದ ಕದಲಲಿಲ್ಲ. ನಲ್ಲಿಗಳಿಗೆ ಕ್ರೋಮಿಯಂ ಹೊಳಪು ಕೊಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಕೆಂಪು ದ್ರಾವಣದ ತೊಟ್ಟಿಯ ಪಕ್ಕ ನಿಂತವನು ಅವನು. ಮೂಗು ಕೊರೆದದ್ದು ಆ ಹಬೆಯೇ. ಕ್ಯಾನ್ಸರ್ ಕೂಡ ಬರಬಹುದೆಂದು ಡಾಕ್ಟರು ಹೇಳಿದರೆ, "ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ" ಎನ್ನುತ್ತಿದ್ದ. ಗಡಿಯಾರ ನೋಡದೆ ದ್ರಾವಣದ ಗುಳ್ಳೆಗಳ ಸದ್ದು ಕೇಳಿಯೇ ನಲ್ಲಿಗಳನ್ನು ತೊಟ್ಟಿಯಿಂದ ಎತ್ತುತ್ತಿದ್ದ. ಒಂದರ ಮೇಲೂ ಕಲೆ ಇರುತ್ತಿರಲಿಲ್ಲ. ಅವನ ಕೈಗುಣ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನು ಅಲ್ಲೇ, ತೊಟ್ಟಿಗೆ ಇಳಿಸುವ ಮುಂಚೆ ನಲ್ಲಿಗಳನ್ನು ಕೊಕ್ಕೆಗೆ ಸಿಕ್ಕಿಸುವವಳು. ನನಗೂ ಹೆಮ್ಮೆಯೇ, ಸುಳ್ಳೇಕೆ ಹೇಳಲಿ?

ಆ ಕೆಂಪು ದ್ರಾವಣ ಇನ್ನು ಬಳಸುವಂತಿಲ್ಲ ಎಂದು ಸರ್ಕಾರದ ನಿಯಮ ಬಂತು. ಪಕ್ಕದ ಕೋಣೆಗೆ ಹಸಿರು ದ್ರಾವಣದ ಹೊಸ ತೊಟ್ಟಿ ಬಂತು. ಅದೂ ಕ್ರೋಮಿಯಮ್ಮೇ, ಆದರೆ ಅಷ್ಟು ವಿಷವಲ್ಲದ ಬಗೆ. ಅದನ್ನು ನೋಡಿಕೊಳ್ಳಲು ಕೆಮಿಸ್ಟ್ ಒಬ್ಬಳು ಬಂದಳು. ಯಜಮಾನರು ಖಡಾಖಂಡಿತವಾಗಿ ಹೇಳಿಬಿಟ್ಟರು: "ಈ ವಾರದೊಳಗೆ ಇನ್ನೂರು ನಲ್ಲಿ ಕಲೆಯಿಲ್ಲದೆ ಬರಬೇಕು. ಇಲ್ಲದಿದ್ರೆ ಈ ವಿಭಾಗಾನೇ ಮುಚ್ಚಿ ಕೆಲಸ ಹೊರಗೆ ಕೊಡ್ತೀನಿ." ಹದಿನಾಲ್ಕು ಜನರ ಹೊಟ್ಟೆಪಾಡು ಅಲ್ಲಿತ್ತು.

"ಹಳೇ ಕೊಕ್ಕೆ ಒಂದೂ ಈ ಕಡೆ ಬರಬಾರದು" ಎಂದು ಕೆಮಿಸ್ಟ್ ನಮಗೆ ಮೂರು ಸಲ ಹೇಳಿದ್ದಳು. ಹುಟ್ಟುಗುಣ ಸುಟ್ಟರೂ ಹೋದೀತೇ? ಮೊದಲ ದಿನ ಅವಳು ಆಚೆ ಹೋದದ್ದೇ ತಡ, ಅಣ್ಣ ತಾನೇ ಬಗ್ಗಿಸಿ ಮಾಡಿದ್ದ ಕೊಕ್ಕೆಗಳನ್ನು ನನ್ನ ಮುಂದೆ ಸುರಿದ.

"ಹೊಸದರಲ್ಲಿ ಹಿಡಿತ ಇಲ್ಲ ಕಣೇ. ಇವನ್ನೇ ಹಾಕು. ಚೆನ್ನಾಗಿ ತೊಳೆದಿದ್ದೀನಿ."

ನಾನು ದಡ್ಡಿ, ಹಾಕಿದೆ.

ನಲ್ಲಿಗಳು ಮೇಲೆ ಬಂದವು. ಪ್ರತಿಯೊಂದರ ಮೇಲೂ ಕಪ್ಪು ಗೆರೆ! ಯಜಮಾನರು ಕೆಮಿಸ್ಟ್ ಮೇಲೆ ಹರಿಹಾಯ್ದರು. "ನಿಮ್ಮನ್ನ ನಂಬಿ ಕೆಟ್ಟೆ. ನಾಳೆಯಿಂದ ಬರಬೇಡಿ!" ಅವಳು ಒಂದೊಂದೇ ನಲ್ಲಿ ತಿರುಗಿಸಿ ನೋಡುತ್ತಿದ್ದಳು. ಗೆರೆ ಶುರುವಾಗಿದ್ದದ್ದು ಕೊಕ್ಕೆ ತಾಗಿದ ಜಾಗದಿಂದ. ಕೊಕ್ಕೆಯ ಮೇಲಿನ ಪ್ಲಾಸ್ಟಿಕ್ ಪದರದ ಬಿರುಕುಗಳಲ್ಲಿ ಹಳೆಯ ಕೆಂಪು ದ್ರಾವಣ ಅಡಗಿ ಕೂತಿತ್ತು. ತೊಳೆದರೆ ಹೋಗುವಂಥದ್ದಲ್ಲ. ಅದು ಹಸಿರು ದ್ರಾವಣಕ್ಕೆ ಬೆರೆತು ಅದನ್ನೂ ಕೆಡಿಸಿತ್ತು.

ಅಣ್ಣ ಮೆಲ್ಲಗೆ ನನ್ನ ಹಿಂದಕ್ಕೆ ಸರಿದ. ನನಗೆ ಮೈಯೆಲ್ಲ ಉರಿದುಹೋಯಿತು. "ನೀನು ಹೇಳ್ತೀಯೋ, ನಾನು ಹೇಳಲೋ?" ಎಂದು ಅವನ ಮೊಣಕೈ ತಿವಿದೆ.

ಅವನು ಎರಡು ಹೆಜ್ಜೆ ಮುಂದೆ ಬಂದ. "ಯಜಮಾನ್ರೇ, ಅವಳನ್ನ ಬೈಬೇಡಿ. ಕೊಕ್ಕೆ ನನ್ನವು. ಬೇಡ ಅಂದಿದ್ರೂ ನಾನೇ ಹಾಕಿಸಿದೆ. ಕಳಿಸೋದಾದ್ರೆ ನನ್ನ ಕಳಿಸಿ."

ಮೊದಲು ಮಾತಾಡಿದವಳು ಕೆಮಿಸ್ಟೇ. "ದ್ರಾವಣ ಸರಿ ಮಾಡಬಹುದು ಸಾರ್. ಎರಡು ದಿನ ಕೊಡಿ. ಇವರನ್ನೂ ನನಗೇ ಬಿಡಿ." ಯಜಮಾನರು ಗೊಣಗುತ್ತಲೇ ಒಪ್ಪಿದರು. ಅಣ್ಣ ಅಷ್ಟೂ ಕೊಕ್ಕೆಗಳನ್ನು ವಿಷದ ಕಸದ ಡ್ರಮ್ಮಿಗೆ ತಾನೇ ಹಾಕಿ ಮುಚ್ಚಳ ಬಿಗಿದ. ಹೆತ್ತ ಮಕ್ಕಳನ್ನು ಕಳುಹಿಸಿಕೊಟ್ಟವನ ಮುಖ ಆಗಿತ್ತು ಅವನದು. ಪಾಪ, ಅನ್ನಿಸಿತು.

ಮೂರನೆಯ ದಿನ ಹೊಸ ಕೊಕ್ಕೆ, ಹೊಸ ಕೈಗವಸು. ಕೆಮಿಸ್ಟ್ ಗಡಿಯಾರ ಹಿಡಿದಿದ್ದಳು. ಅಣ್ಣ ಅವಳನ್ನು ಕೇಳಿ ಕೇಳಿ ಎತ್ತಿದ. ಇನ್ನೂರು ನಲ್ಲಿಗಳಲ್ಲಿ ಒಂದಕ್ಕೂ ಕಲೆ ಇಲ್ಲ. ನಾವೆಲ್ಲ ಹೋ ಎಂದು ಕೂಗಿದೆವು. ಅಣ್ಣ ಮಾತ್ರ ಒಂದು ನಲ್ಲಿ ಹಿಡಿದುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಇಷ್ಟು ವರ್ಷ ಆ ವಿಷಾನೇ ನನ್ನ ಕೈಗುಣ ಅಂದ್ಕೊಂಡಿದ್ದೆ ಕಣೇ," ಎಂದ.

"ಅಯ್ಯೋ ಮಂಕೇ, ಇವತ್ತು ಎತ್ತಿದ್ದು ಯಾರ ಕೈ?" ಎಂದೆ.

ಅವನು ತನ್ನ ಕೈಗಳನ್ನೇ ನೋಡಿಕೊಂಡ. ಆಮೇಲೆ ಕೆಮಿಸ್ಟ್ ಕಡೆ ತಿರುಗಿ, "ಮುಂದಿನದು ಎಷ್ಟು ನಿಮಿಷ, ಮೇಡಂ?" ಎಂದು ಕೇಳಿದ.