ಡ್ರಾಯರಕ್ಕನ ಸ್ಪೀಕರ್ ಪೆಟ್ಟಿಗೆಗಳು

ನಮ್ಮ ಮರಗೆಲಸದ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಡ್ರಾಯರಕ್ಕ ಎಂದೇ ಕರೆಯುತ್ತಿದ್ದೆವು. ಮೇಜು, ಕಪಾಟು ಯಾರು ಬೇಕಾದರೂ ಮಾಡಲಿ, ಅದರ ಡ್ರಾಯರು ಮಾತ್ರ ಅವಳ ಕೈಯಿಂದಲೇ ಆಗಬೇಕು. ಅವಳು ಮಾಡಿದ ಒಂದು ಡ್ರಾಯರನ್ನು ಒಳಕ್ಕೆ ತಳ್ಳಿದರೆ, ಒಳಗಿನ ಗಾಳಿಯ ಒತ್ತಡಕ್ಕೆ ಪಕ್ಕದ ಡ್ರಾಯರು ತಾನಾಗಿ ಒಂದು ಬೆರಳು ಹೊರಕ್ಕೆ ಬರುತ್ತಿತ್ತು. ಕೂಡಿಕೆ ಅಷ್ಟು ಬಿಗಿ. ಪಾಲಿಶ್ ಮಾಡುತ್ತಿದ್ದ ನಾನು ಇದನ್ನು ಗಿರಾಕಿಗಳಿಗೆ ತೋರಿಸಿ, ನಾನೇ ಮಾಡಿದವನ ಹಾಗೆ ಮೀಸೆ ತಿರುವುತ್ತಿದ್ದೆ.

ಸ್ಪೀಕರಿನ ಗಂಧಗಾಳಿಯೂ ಅವಳಿಗಿರಲಿಲ್ಲ. ಅದು ತಲೆಗೆ ಹತ್ತಿದ್ದು ಅತ್ತೆಯ ದೆಸೆಯಿಂದ.

ಅತ್ತೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಕಣ್ಣು ಮಂದವಾಗುತ್ತ ಬಂದು, ಬೆಳಕು ಯಾವುದು ನೆರಳು ಯಾವುದು ಎಂದು ತಿಳಿಯುವಷ್ಟು ಮಾತ್ರ ಉಳಿದಿತ್ತು. ಕಿವಿ ಮಾತ್ರ ಚಾಕು. "ನಾನು ಅಡುಗೆಮನೇಲಿ ಮುಖ ಊದಿಸ್ಕೊಂಡ್ರೆ ಅದೂ ನಮ್ಮತ್ತೆಗೆ ಕೇಳ್ಸತ್ತೆ" ಎಂದು ಅವಳೇ ನಮ್ಮ ಹತ್ತಿರ ಹೇಳಿ ನಗುತ್ತಿದ್ದಳು. ಅತ್ತೆಗೆ ದಿನವಿಡೀ ರೇಡಿಯೋ ಬೇಕು. ಹಳೆಯ ರೇಡಿಯೋದ ಸ್ಪೀಕರ್ ಹರಿದಾಗ, ಬಸ್ ಚಾಲಕನಾದ ಮಗ ಸೊಂಟದೆತ್ತರದ, ಬಣ್ಣದ ದೀಪ ಮಿನುಗುವ ಎರಡು ದೊಡ್ಡ ಸ್ಪೀಕರ್ ತಂದು ಜೋಡಿಸಿದ. ಅತ್ತೆ ಎರಡು ನಿಮಿಷ ವಾರ್ತೆ ಕೇಳಿದರು.

"ಮಗಾ, ಇವನನ್ನ ಯಾರಾದ್ರೂ ಮೇಲಕ್ಕೆತ್ತಿ. ಪಾಪ, ಬಾವಿಯೊಳಗೆ ಬಿದ್ಕೊಂಡು ಸುದ್ದಿ ಓದ್ತಾ ಇದಾನೆ."

"ಅಮ್ಮಾ, ಇದರಲ್ಲಿ ಬೇಸ್ ಎಷ್ಟು ಚೆನ್ನಾಗಿದೆ ನೋಡು."

"ಬೇಸ್ ನೀನಿಟ್ಕೋ. ನನಗೆ ಮಾತು ಕೊಡು."

ಮಗನ ಮುಖ ಹುಳ್ಳಗಾಯಿತು. ಮರುದಿನ ಸೊಸೆ ಅದರ ಹಿಂಬದಿಯ ಸ್ಕ್ರೂ ಬಿಚ್ಚಿ ನೋಡಿದಳು. ಒತ್ತಿದ ಮರದ ಪುಡಿಯ ಹಲಗೆ, ಮೂಲೆಯಲ್ಲಿ ಬಿರುಕು, ಎಲ್ಲೆಂದರಲ್ಲಿ ಸುರಿದ ಅಂಟು. "ಇಂಥ ಡ್ರಾಯರು ಮಾಡಿದ್ರೆ ಮೇಸ್ತ್ರಿ ಅದನ್ನ ನನ್ನ ತಲೆ ಮೇಲೇ ಒಡೀತಿದ್ರು" ಎಂದುಕೊಂಡವಳು ನೇರ ಹೋದದ್ದು ಪೇಟೆಬೀದಿಯ ರೇಡಿಯೋ ರಿಪೇರಿಯವರ ಅಂಗಡಿಗೆ.

ಅವರು ಗುಜರಿ ಟಿವಿಯೊಂದರಿಂದ ಕಿತ್ತ, ಅಂಗೈ ಅಗಲದ ಕಾಗದದ ಸ್ಪೀಕರ್ ಒಂದನ್ನು ಅವಳ ಮುಂದಿಟ್ಟರು.

"ಇದಕ್ಕೆ ಫುಲ್ ರೇಂಜ್ ಅಂತಾರೆ. ನಿಮ್ಮ ದೊಡ್ಡ ಪೆಟ್ಟಿಗೇಲಿ ತಗ್ಗು ದನಿ ಒಬ್ಬ ಹೇಳ್ತಾನೆ, ಮೇಲಿನ ದನಿ ಇನ್ನೊಬ್ಬ. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿಸೋ ಜಾಗ ಸರಿಯಾಗಿ ಮನುಷ್ಯನ ಮಾತಿನ ನಡುವೆನೇ ಬರತ್ತೆ. ಅಗ್ಗದ ಮಾಲು ಅಲ್ಲೇ ಎಡವೋದು. ಇದು ಒಂಟಿ. ಎಲ್ಲಾನೂ ಇದೇ ಹೇಳತ್ತೆ. ಗುಡುಗು ಸಿಡಿಲು ಮಾತ್ರ ಕೇಳ್ಬೇಡಿ."

"ನಮಗೆ ಮಾತು ಸಾಕು."

"ಹಾಗಾದ್ರೆ ಇನ್ನು ಪೆಟ್ಟಿಗೇದೇ ಆಟ. ಅದು ನಿಮ್ಮ ಕೈಲಿದೆ."

ಅವಳು ಮೊದಲ ಪೆಟ್ಟಿಗೆಯನ್ನು ಹೆಬ್ಬೆರಳು ದಪ್ಪದ ಗಟ್ಟಿ ಮರದಲ್ಲಿ, ಮೊಳೆಯಿಲ್ಲದೆ ಹಲ್ಲುಕೂಡಿಕೆ ಹಾಕಿ ಮಾಡಿದಳು. ನೋಡಲು ಒಡವೆ ಪೆಟ್ಟಿಗೆ. ಅತ್ತೆ ಕೇಳಿ, "ಬಾವಿಯಿಂದ ಎದ್ದು ಬಂದ, ಈಗ ಕೊಡದೊಳಗೆ ಕೂತಿದಾನೆ" ಎಂದರು. ಒಳಗಿನ ಬರಿಗೋಡೆಗೆ ದನಿ ಬಡಿದು ವಾಪಸಾಗುತ್ತದೆ, ಉಣ್ಣೆ ತುಂಬಿ ಎಂದರು ರಿಪೇರಿಯವರು. ಆ ವಾರ ಗಂಡನ ಸ್ವೆಟರು ಕಾಣೆಯಾಯಿತು.

"ಎಲ್ಲೇ ನನ್ನ ಸ್ವೆಟರು?"

"ಸುದ್ದಿ ಓದೋನಿಗೆ ಹೊದಿಸಿದೀನಿ."

ಎರಡನೆಯ ಪೆಟ್ಟಿಗೆ ತೀರ ಚಿಕ್ಕದಾಯಿತು. ಅತ್ತೆಯ ತೀರ್ಪು: "ಇವನಿಗೆ ನೆಗಡಿ." ಮೂರನೆಯದರಲ್ಲಿ, ಸ್ಪೀಕರ್ ಕೂರಿಸಲು ಅಷ್ಟು ದಪ್ಪದ ಹಲಗೆಗೆ ಕೊರೆದ ತೂತು ಅದರ ಬೆನ್ನ ಹಿಂದೆ ಸುರಂಗದಂತಾಗಿ ಅದರ ಉಸಿರು ಕಟ್ಟುತ್ತಿದೆ ಎಂಬುದು ಅವಳಿಗೇ ಹೊಳೆಯಿತು. ಉಳಿ ಹಿಡಿದು ತೂತಿನ ಒಳ ಅಂಚನ್ನು ಇಳಿಜಾರಾಗಿ ಕೆತ್ತಿದಳು. ಆಮೇಲೆ ಗಾಳಿ ಹೊರಹೋಗಲು ಹಿಂದೆ ಒಂದು ಕೊಳವೆ ಇಟ್ಟು, ಅದನ್ನು ಒಂದೊಂದೇ ಬೆರಳಗಲ ಕತ್ತರಿಸುತ್ತ ಬಂದಳು. ಪ್ರತಿ ಸಲವೂ ಪರೀಕ್ಷೆ. ಗಂಡ ಹಿತ್ತಲಲ್ಲಿ ರಿಪೇರಿಯವರು ಕೊಟ್ಟ ಮೈಕ್ ಹಿಡಿದು "ಕರಿ, ಗರಿ, ಸಾಲು, ಶಾಲು" ಎಂದು ಓದಬೇಕು, ಅತ್ತೆ ಒಳಗೆ ಕೂತು ಕೇಳಿದ್ದನ್ನು ಹೇಳಬೇಕು. ಪಕ್ಕದ ಮನೆಯವರು, ಪಾಪ ಬಸ್ ಓಡಿಸಿ ಓಡಿಸಿ ಹೀಗಾಯಿತು ಎಂದುಕೊಂಡರಂತೆ.

ಏಳನೆಯ ಪೆಟ್ಟಿಗೆಯಲ್ಲಿ ಮಾತು ಸ್ವಚ್ಛವಾಗಿ ಬಂತು, ಆದರೆ ಸಣಕಲು. ಒಂದು ದಿನ ಅವಳು ಮೇಜು ಒರೆಸಲು ಅದನ್ನೆತ್ತಿ ಗೋಡೆಯ ಹತ್ತಿರ ಇಟ್ಟಾಗ ದನಿಗೆ ಎದೆ ಬಂದಂತಾಯಿತು.

"ಅಲ್ಲೇ ಬಿಡು, ಮುಟ್ಬೇಡ" ಎಂದು ಅತ್ತೆ ಕೂಗಿದರು. "ಈಗ ಲೈನ್ ಕ್ಲಿಯರ್."

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಆ ಬೇಸಿಗೆಯಲ್ಲಿ ಅತ್ತೆ ತಂಗಿಯ ಮನೆಗೆ ಹೊರಟರು. ಸೊಸೆ ಬಸ್ ನಿಲ್ದಾಣದಲ್ಲಿ ಕೂರಿಸಿ ಕೆಲಸಕ್ಕೆ ಬಂದಳು. ಘೋಷಣೆ ಕೇಳಿ ಹತ್ತುತ್ತೇನೆ, ಯಾರನ್ನೂ ಕೇಳುವುದು ಬೇಡ ಎಂಬುದು ಅತ್ತೆಯ ಹಟ. ನಿಲ್ದಾಣದ ಪ್ರಾಂಗಣಕ್ಕೆ ತಗಡಿನ ಚಾವಣಿ, ಕಲ್ಲಿನ ನೆಲ. ಕಂಬದ ಮೇಲಿನ ದೊಡ್ಡ ಹಾರ್ನುಗಳಿಂದ ಹೊರಟದ್ದು ನಾಲ್ಕು ಕಡೆ ಬಡಿದು ಗಂಜಿಯಾಗುತ್ತಿತ್ತು. ಇಪ್ಪತ್ತಾರು ನಂಬರಿನ ಬಸ್ ಎಂದದ್ದು ಅವರಿಗೆ ತಾವು ಹೋಗಬೇಕಾದ ಎಪ್ಪತ್ತಾರು ಎಂದು ಕೇಳಿ, ಅದನ್ನೇ ಹತ್ತಿದರು. ಒಂದೂವರೆ ಗಂಟೆಯ ಬಳಿಕ ಯಾವುದೋ ಸಿಮೆಂಟ್ ಕಾರ್ಖಾನೆಯ ಗೇಟಿನ ಮುಂದೆ ಇಳಿದರು. ಕಂಡಕ್ಟರ್ ಫೋನ್ ಮಾಡಿದಾಗ ಡ್ರಾಯರಕ್ಕ ಉಳಿಯನ್ನು ಬೆಂಚಿನ ಮೇಲೇ ಬಿಟ್ಟು ಓಡಿದಳು. ಗಂಡ ಹೆಂಡತಿ ಏದುಸಿರು ಬಿಡುತ್ತ ಅಲ್ಲಿಗೆ ಮುಟ್ಟಿದರೆ, ಅತ್ತೆ ಗೇಟಿನ ಪಕ್ಕದ ಲಾರಿ ಚಾಲಕರ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಹೆದರಿರಲಿಲ್ಲ, ಕೆಂಡವಾಗಿದ್ದರು.

"ಮೂವತ್ತೊಂದು ವರ್ಷ ಊರಿನವರನ್ನೆಲ್ಲ ಸರಿಯಾದ ನಂಬರಿಗೆ ಸೇರಿಸಿದೆ. ಇವತ್ತು ನಾನೇ ರಾಂಗ್ ನಂಬರ್!"

ಮರುದಿನ ಸೊಸೆಯನ್ನು ಕರೆದುಕೊಂಡು ನಿಲ್ದಾಣದ ಮ್ಯಾನೇಜರ್ ಮುಂದೆ ಹೋಗಿ ಕೂತರು.

"ಅಮ್ಮಾ, ಹೋದ ವರ್ಷ ತಾನೇ ದೊಡ್ಡ ಹಾರ್ನ್ ಹಾಕ್ಸಿದೀವಿ. ಇನ್ನೂ ಜೋರು ಮಾಡಿಸ್ಲಾ?"

"ಜೋರು ಇರೋದೇ ಸಾಕು. ಅರ್ಥ ಆಗೋ ಹಾಗೆ ಮಾಡ್ಸಿ."

"ಯಾರು ಮಾಡ್ತಾರೆ?"

"ಇವಳು" ಎಂದು ಅತ್ತೆ ಬೆರಳು ತೋರಿಸಿದ್ದು ನೀರಿನ ಡ್ರಮ್ಮಿನ ಕಡೆಗೆ. ಡ್ರಾಯರಕ್ಕ ಮೆಲ್ಲಗೆ ಸರಿದು ಡ್ರಮ್ಮಿನ ಪಕ್ಕ ನಿಂತಳು. ಮ್ಯಾನೇಜರ್ ನಗು ತಡೆದುಕೊಂಡು, ಒಂದೇ ಕಂಬದಲ್ಲಿ ಒಂದು ವಾರ ನೋಡೋಣ ಎಂದು ಒಪ್ಪಿದರು.

ಅವಳು ಏಳನೆಯ ಪೆಟ್ಟಿಗೆಯನ್ನೇ ಒಯ್ದು ಕಂಬಕ್ಕೆ ಕಟ್ಟಿದಳು. ಕೋಣೆಯಲ್ಲಿ ರಾಜನಂತಿದ್ದ ಪೆಟ್ಟಿಗೆ ಆ ಪ್ರಾಂಗಣದಲ್ಲಿ ಹತ್ತು ಹೆಜ್ಜೆ ದಾಟಲಿಲ್ಲ. ಕಾದು ಕೂತವರಲ್ಲಿ ಯಾರೋ "ಇಲಿ ಮಾತಾಡ್ತಿದೆ" ಎಂದರು, ಸುತ್ತಲಿನವರು ನಕ್ಕರು. ಎರಡು ದಿನ ಅವಳು ಕಾರ್ಖಾನೆಯಲ್ಲಿ ಚಕ್ಕೆ ಹಾರುವಂತೆ ಮರ ಹೆರೆಯುತ್ತಿದ್ದಳು. ಮೂರನೆಯ ದಿನ ರಿಪೇರಿಯವರೇ ಕಾರ್ಖಾನೆಗೆ ಬಂದರು.

"ಒಬ್ಬ ಕೂಗಿದ್ರೆ ಸಾಲಲ್ಲ. ಎಂಟು ಜನರನ್ನ ಒಬ್ಬರ ತಲೆ ಮೇಲೆ ಒಬ್ಬರನ್ನ ನಿಲ್ಸಿ. ಹಾಗೆ ಉದ್ದಕ್ಕೆ ಜೋಡಿಸಿದ್ರೆ ದನಿ ಅಕ್ಕಪಕ್ಕಕ್ಕೆ ಹರಡತ್ತೆ, ಮೇಲಕ್ಕೂ ಕೆಳಕ್ಕೂ ಹೋಗೋದು ಕಮ್ಮಿ. ಚಾವಣಿಗೆ ಬಡಿದ್ರೆ ತಾನೇ ಗಂಜಿಯಾಗೋದು?"

ಎಂಟು ಗುಜರಿ ಟಿವಿಗಳಿಂದ ಒಂದೇ ಅಳತೆಯ ಎಂಟು ಸ್ಪೀಕರ್ ಹುಡುಕಿದರು. ಊಟದ ಬಿಡುವಿನಲ್ಲಿ ಬೆಂಚು ಬಳಸಲು ಮೇಸ್ತ್ರಿ ಒಪ್ಪಿದರು. ಬಾಗಿಲ ಚೌಕಟ್ಟಿನ ಕಂಬದಷ್ಟೇ ಅಗಲದ, ಆಳೆತ್ತರದ ಪೆಟ್ಟಿಗೆ ತಯಾರಾಯಿತು. ಪಾಲಿಶ್ ನಾನು ಹೊಡೆದೆ. ಆಂಪ್ಲಿಫೈಯರಿಗೆ ಭಾರವಾಗದಂತೆ ತಂತಿಯನ್ನು ರಿಪೇರಿಯವರು ಜೋಡಿಸಿದರು.

ಪರೀಕ್ಷೆ ನಡೆದದ್ದು ಮಧ್ಯಾಹ್ನದ ಗಿಜಿಗಿಜಿಯಲ್ಲಿ. ಘೋಷಣೆ ಮಾಡುವವರು ತಮ್ಮ ಗಾಜಿನ ಗೂಡಿನಿಂದ ಚೀಟಿ ನೋಡಿ ನಲವತ್ತು ನಂಬರು ಓದಬೇಕು. ಅತ್ತೆ ಬೇರೆ ಬೇರೆ ಬೆಂಚಿನ ಮೇಲೆ ಕೂತು ಅದನ್ನು ಹೇಳಬೇಕು, ಮ್ಯಾನೇಜರ್ ತಾಳೆ ನೋಡಬೇಕು. ಅರ್ಧ ರಜೆ ಹಾಕಿ ನಾವೂ ಹೋಗಿದ್ದೆವು. ಟಿಕೆಟ್ ಕಿಟಕಿಯ ಹತ್ತಿರದ ಕೊನೆಯ ಬೆಂಚಿನಲ್ಲಿ ಎರಡು ತಪ್ಪಿದವು. ಇನ್ನೊಂದಕ್ಕೆ ಅತ್ತೆ "ಐವತ್ತೆರಡು" ಎಂದರು. ಮ್ಯಾನೇಜರ್ ತಲೆಯಾಡಿಸಿ, "ಚೀಟೀಲಿ ಇಪ್ಪತ್ತೈದು ಅಂತಿದೆ" ಎಂದರು.

"ಚೀಟೀಲಿ ಏನಿದ್ಯೋ, ಅವರು ಹೇಳಿದ್ದು ಐವತ್ತೆರಡು."

ಘೋಷಣೆಯವರು ಗೂಡಿನಿಂದ ಹೊರಬಂದು ತಲೆ ಕೆರೆದುಕೊಂಡರು. "ಸಾರ್, ನಾನೇ ಹಿಂದುಮುಂದು ಓದ್ಬಿಟ್ಟೆ."

ಡ್ರಾಯರಕ್ಕ ಕಂಬದ ಹಿಂದೆ ಹೋಗಿ ಮೂಗು ಒರೆಸಿಕೊಂಡು ಬಂದಳು. ಧೂಳು ಎಂದಳು.

ಮೂರು ತಿಂಗಳಲ್ಲಿ ನಾಲ್ಕು ಕಂಬಕ್ಕೂ ಪೆಟ್ಟಿಗೆಗಳು ಬಂದವು, ಹಾರ್ನುಗಳು ಇಳಿದವು. ತಾನು ಗಂಟಲು ಸರಿಮಾಡಿಕೊಳ್ಳುವುದೂ ಈಗ ಊರಿಗೆಲ್ಲ ಕೇಳಿಸುತ್ತದೆ ಎಂದು ಘೋಷಣೆಯವರು ಗೊಣಗಿದರಂತೆ. ಕೆಲಸ ಬಿಟ್ಟು ಇದನ್ನೇ ಮಾಡು ಎಂದು ಹಲವರು ಹೇಳಿದರೂ ಡ್ರಾಯರಕ್ಕ ಕಾರ್ಖಾನೆ ಬಿಡಲಿಲ್ಲ. ರಜೆಯ ದಿನ ಕೇಳಿದವರಿಗೆ ಮಾಡಿಕೊಡುತ್ತಿದ್ದಳು.

ಎರಡು ವರ್ಷದ ಮೇಲೆ ಅತ್ತೆ ತೀರಿಕೊಂಡರು. ಮಧ್ಯಾಹ್ನದ ನಿದ್ದೆಯಲ್ಲಿ, ನರಳದೆ. ಕೆಲವು ವಾರ ಅವಳು ಹಿತ್ತಲಿನ ತನ್ನ ಕೆಲಸದ ಬೆಂಚಿನ ಕಡೆ ತಲೆ ಹಾಕಲಿಲ್ಲ. ಆಮೇಲೆ ಆಸ್ಪತ್ರೆಯೊಂದರ ಕಾಯುವ ಕೋಣೆಗೆ ಅಂಥದೇ ಪೆಟ್ಟಿಗೆ ಬೇಕೆಂದು ಕೇಳಿಬಂತು. ಪೆಟ್ಟಿಗೆ ಮಾಡುವುದು ಕಷ್ಟವಾಗಲಿಲ್ಲ, ಕೇಳಿ ಹೇಳುವವರು ಯಾರು ಎಂಬುದೇ ಚಿಂತೆ. ರಿಪೇರಿಯವರನ್ನು ಕೂರಿಸಿದರೆ ಅವರು ನಲವತ್ತರಲ್ಲಿ ಹನ್ನೊಂದು ತಪ್ಪಿದರು. ಪೆಟ್ಟಿಗೆಯಲ್ಲಿ ಕುಂದಿಲ್ಲ, ಅವರ ಕಿವಿಗೇ ವಯಸ್ಸಾಗಿದೆ ಎಂದು ಗೊತ್ತಾಯಿತು. ಕೊನೆಗೆ ಅವಳು ಅಲ್ಲಿ ಕಾಯುತ್ತ ಕೂತ ರೋಗಿಗಳಿಗೇ ಒಂದೊಂದು ಚೀಟಿ, ಪೆನ್ಸಿಲು ಕೊಟ್ಟು, ಕೇಳಿದ್ದನ್ನು ಬರೆಯಿರಿ ಎಂದಳು. ಸರದಿ ಬಂದರೂ ಕೆಲವರು ಚೀಟಿ ಮುಗಿಸದೆ ಏಳಲಿಲ್ಲವಂತೆ. ಒಬ್ಬ ಅಜ್ಜಿ ಪಕ್ಕದವರ ಚೀಟಿ ನೋಡಿ ಬರೆದು ಸಿಕ್ಕಿಬಿದ್ದರಂತೆ.