ಹಾನ್ ಆಂಟಿ ಗೋಡೆಗೆ ಹಾಕಿದ ಫೋಟೋ

ಪ್ಯಾರಮಟ್ಟಾ ಸ್ಟೇಷನ್ನಿನ ಹತ್ತಿರದ ಪುಟ್ಟ ಕೊರಿಯನ್ ಹೋಟೆಲಿನಲ್ಲಿ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಗೆಳತಿ ಸವಿತಾ ನನ್ನನ್ನು ಊಟಕ್ಕೆ ಕರೆತಂದಾಗ ಹೋಟೆಲಿನ ಒಡತಿ ಹಾನ್ ಆಂಟಿ ಗೋಡೆಗೆ ಹಳೆಯ ಫೋಟೋ ಒಂದನ್ನು ತೂಗುಹಾಕುತ್ತಿದ್ದರು. ಅದರಲ್ಲಿ ಬಂದೂಕು ಹಿಡಿದ ಎರಡು ಜಡೆಯ ಹುಡುಗಿಯೊಬ್ಬಳು ನಗುತ್ತಿದ್ದಳು.

"ಯಾರು ಆಂಟಿ ಇವರು?" ಎಂದೆ.

"ನನ್ನ ಅಜ್ಜಿಯ ತಂಗಿ. ಆಗ ನಮ್ಮ ದೇಶವನ್ನು ಆಳುತ್ತಿದ್ದ ಜಪಾನಿಯರ ವಿರುದ್ಧ ಕಾಡಿನಲ್ಲಿ ಹೋರಾಡಿದಳು. ಆಮೇಲೆ ಉತ್ತರ ಕೊರಿಯಾದ ಕಮ್ಯುನಿಸ್ಟ್ ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾದಳು," ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ದಕ್ಷಿಣ ಕೊರಿಯಾದಲ್ಲಿದ್ದ ಆಂಟಿಯ ಮನೆಯವರು, ಕಮ್ಯುನಿಸ್ಟರ ನೆಂಟರೆಂದು ಗೊತ್ತಾದರೆ ಆಂಟಿಯ ಅಪ್ಪನ ಕೆಲಸ ಹೋದೀತೆಂಬ ಭಯಕ್ಕೆ, ಆಕೆ ಎಂದೋ ಸತ್ತಳೆಂದೇ ಹೇಳಿಕೊಂಡು ಬಂದಿದ್ದರಂತೆ. ಫೋಟೋವನ್ನು ಅಜ್ಜಿ ತನ್ನ ದಿಂಬಿನೊಳಗಿಟ್ಟು ಹೊಲಿದುಬಿಟ್ಟಿದ್ದರಂತೆ!

"ಅಯ್ಯೋ, ನನ್ ಕೈ ನೋಡೇ, ಫುಲ್ ಗೂಸ್‌ಬಂಪ್ಸ್!" ಎಂದಳು ಸವಿತಾ.

"ಗಿರಾಕಿಗಳು ಏನಂತಾರೋ," ಎನ್ನುತ್ತ ಆಂಟಿ ಮೂಲೆಯ ಟೇಬಲ್ಲಿನತ್ತ ನೋಡಿದರು. ಅಲ್ಲಿ ಉಣ್ಣುತ್ತಿದ್ದ ಕೊರಿಯಾದ ಮುದುಕರೊಬ್ಬರು ಚಾಪ್‌ಸ್ಟಿಕ್ ಕೆಳಗಿಟ್ಟು ಎದ್ದು ಬಂದರು. ಅವರು ಫೋಟೋವನ್ನೇ ಬಹಳ ಹೊತ್ತು ದಿಟ್ಟಿಸಿ, ಆಂಟಿಗೆ ಮೆಲ್ಲಗೆ ಏನೋ ಹೇಳಿದರು.

ಆಂಟಿ ಕಣ್ಣೊರೆಸಿಕೊಂಡು ನಮ್ಮತ್ತ ತಿರುಗಿದರು. "ಇವರ ಅಣ್ಣನೂ ಉತ್ತರಕ್ಕೆ ಹೋಗಿದ್ದನಂತೆ. ಈ ಮಾತನ್ನ ಇನ್ನೊಬ್ಬರ ಹತ್ತಿರ ಹೇಳಿದ್ದು ಇದೇ ಮೊದಲಂತೆ."