ಗ್ಯಾರಂಟಿ ಮೇಸ್ತ್ರಿಯ ಮೀಸೆ

"ನಾನು ಮುಟ್ಟಿದ ನಲ್ಲಿ ಮತ್ತೆ ಸೋರಿದ್ರೆ ಮೀಸೆ ಬೋಳಿಸ್ಕೋತೀನಿ!" ಎಂದು ಊರಿಗೆಲ್ಲ ಸಾರುತ್ತಿದ್ದ ಪ್ಲಂಬರ್‌ಗೆ ಗ್ಯಾರಂಟಿ ಮೇಸ್ತ್ರಿ ಎಂದೇ ಹೆಸರು. ಆ ಮೀಸೆಯೋ, ಎರಡು ಕಾಗೆಗಳು ಅದರಲ್ಲಿ ಸಂಸಾರ ಹೂಡಬಹುದಿತ್ತು. ಅಂಥವನ ದೊಡ್ಡ ಕರುಳಿನಲ್ಲೇ ಕ್ಯಾನ್ಸರ್ ಗಡ್ಡೆ ಎದ್ದು, ಡಾಕ್ಟರಮ್ಮ ಅದನ್ನು ಕೊಯ್ದು ತೆಗೆದಿದ್ದರು.

"ಕಣ್ಣಿಗೆ ಕಾಣದ ಚೂರು ಉಳಿದಿದ್ರೆ ಕಾಯಿಲೆ ಮರಳಬಹುದು. ಇಮ್ಯುನೊಥೆರಪಿ ಕೊಟ್ರೆ ನಿಮ್ಮ ಮೈಯ ರೋಗನಿರೋಧಕ ಶಕ್ತಿಯೇ ಅದನ್ನ ಹುಡುಕಿ ಹೊಡೆಯುತ್ತೆ. ನಿಮ್ಮ ಥರದ ಗಡ್ಡೆಗೆ ಈ ಔಷಧಿ ಒಗ್ಗುತ್ತೆ," ಎಂದರು ಡಾಕ್ಟರಮ್ಮ, ಹೆಂಡತಿಯೊಡನೆ ಆಸ್ಪತ್ರೆಯ ತಮ್ಮ ಕೋಣೆಗೆ ಬಂದು ಕೂತಿದ್ದ ಮೇಸ್ತ್ರಿಗೆ.

"ಗ್ಯಾರಂಟಿ?"

"ಮರಳೋ ಸಾಧ್ಯತೆ ಕಮ್ಮಿಯಾಗುತ್ತೆ. ಗ್ಯಾರಂಟಿ ಯಾರೂ ಕೊಡಲ್ಲ."

"ಹಾಗಾದ್ರೆ ಬೇಡ. ಗ್ಯಾರಂಟಿ ಇಲ್ಲದ ಕೆಲಸ ನಾನು ಮಾಡಿಲ್ಲ, ಮಾಡಿಸ್ಕೊಳ್ಳೋದೂ ಇಲ್ಲ," ಎಂದು ಮೇಸ್ತ್ರಿ ಎದ್ದೇಬಿಟ್ಟ. ಹೆಂಡತಿಯ ಮುಖ ಬಿಳಿಚಿಕೊಂಡಿತು. ಅಷ್ಟರಲ್ಲಿ ಮೂಲೆಯ ಬೇಸಿನ್ನಿನಿಂದ ಟಪ್, ಟಪ್ ಎಂಬ ಸದ್ದು ಕೇಳಿಸಿತು.

"ರೀ, ಆಪರೇಷನ್‌ಗೆ ಮುಂಚೆ ನೀವೇ ರಿಪೇರಿ ಮಾಡಿದ ನಲ್ಲಿ ಅಲ್ವೇನ್ರೀ ಅದು?" ಎಂದಳು ಹೆಂಡತಿ. "ಮೀಸೆ ಬೋಳಿಸೋಕೆ ಯಾರನ್ನ ಕರೀಲಿ?"

ಡಾಕ್ಟರಮ್ಮ ನಗು ತಡೆಯಲಾರದೆ ಗೋಡೆ ಕಡೆ ತಿರುಗಿದರು. ಮೇಸ್ತ್ರಿ ನಲ್ಲಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ, ಮತ್ತೆ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮೇಲೇರಿಸಿದ.

"ಹಾಕಿ ಸೂಜಿ, ಡಾಕ್ಟ್ರೇ. ನಿಮ್ಮ ನಲ್ಲಿ ನಾನು ನೋಡ್ಕೋತೀನಿ, ನನ್ನ ಕೊಳಾಯಿ ನೀವು ನೋಡ್ಕೊಳ್ಳಿ. ಮೀಸೆ ತಂಟೆಗೆ ಮಾತ್ರ ಯಾರೂ ಬರೋದು ಬೇಡ!"